ಲ್ಹಾಸಾದಲ್ಲಿ ಉರುಳಿದ್ದು, ಮುಂಡಗೋಡಿನಲ್ಲಿ ಎದ್ದದ್ದು

ಭಟ್ಕಳ, ಹೊನ್ನಾವರಗಳನ್ನು ದಾಟಿ ಬಂದು ಕುಮಟೆಯಲ್ಲಿ ಕಡಲಿಗೆ ಬೆನ್ನು ಹಾಕಿ ದೇವಿಮನೆ ಘಟ್ಟ ಹತ್ತಿದರೆ ಶಿರಸಿ. ಅಲ್ಲಿಂದ ಮುಂದೆ ಅಡಿಕೆ ತೋಟಗಳು ಹಿಂದೆ ಸರಿದು, ಸಾಗುವಾನಿ ಕಾಡು, ಭತ್ತ, ಗೋವಿನಜೋಳದ ಹೊಲಗಳು ಎದುರಾಗುವಲ್ಲಿ ಮುಂಡಗೋಡ. ಊರಿನ ಆಚೆ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಬಣ್ಣದ ಮಂತ್ರದ ಪತಾಕೆಗಳು ಗಾಳಿಗೆ ಹಾರಾಡುತ್ತವೆ. ಕಂದುಗೆಂಪು ಬಟ್ಟೆಯ ಭಿಕ್ಷುಗಳು ಅಂಗಡಿಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಕರಾವಳಿಯಿಂದ ಮಕ್ಕಳು ಮರಿ ಕಟ್ಟಿಕೊಂಡು ‘ಟಿಬೆಟಿಯನ್ ಕಾಲೊನಿ’ ನೋಡಲು ಬರುವವರಿಗೆ ಬಂಗಾರದ ಬಣ್ಣದ ಬುದ್ಧ, ಅಂಗಳದಲ್ಲಿ ಚಪ್ಪಾಳೆ ತಟ್ಟಿ ವಾದ ಮಾಡುವ ಲಾಮಾಗಳು, ಬಿಸಿ ಮೊಮೊ ಸಿಗುತ್ತವೆ. ಸಂಜೆಗೆ ಫೋಟೊ ಹಿಡಿದುಕೊಂಡು ಮರಳುತ್ತಾರೆ.

ಆದರೆ ಆ ದೊಡ್ಡ ಕಟ್ಟಡಗಳ ಹೆಸರುಗಳ ಕಡೆ ಗಮನ ಹರಿಸುವವರು ಕಡಿಮೆ. ಒಂದು ಗಾಂದೆನ್, ಇನ್ನೊಂದು ಡ್ರೆಪುಂಗ್. ಇವು ಮುಂಡಗೋಡಿನಲ್ಲಿ ಹುಟ್ಟಿದ ಹೆಸರುಗಳಲ್ಲ. ಗಾಂದೆನ್ ವಿಹಾರ 1409ರಲ್ಲಿ, ಡ್ರೆಪುಂಗ್ 1416ರಲ್ಲಿ ಟಿಬೆಟಿನ ರಾಜಧಾನಿ ಲ್ಹಾಸಾದ ಬಳಿ ಸ್ಥಾಪನೆಯಾದವು. ಮೂರನೆಯದಾದ ಸೆರಾ 1419ರದು; ಅದರ ಹೆಸರನ್ನು ಇಂದು ಮೈಸೂರು ಜಿಲ್ಲೆಯ ಬೈಲುಕುಪ್ಪೆಯಲ್ಲಿ ಕಾಣಬಹುದು. ಟಿಬೆಟಿನ ಮೂರು ಮಹಾ ವಿದ್ಯಾಪೀಠಗಳೆಂದು ಹೆಸರಾದ ಈ ವಿಹಾರಗಳು ಹಿಮಾಲಯವನ್ನು ದಾಟಿ ಕರ್ನಾಟಕದ ಮಣ್ಣಿಗೆ ಏಕೆ ಬಂದವು? ಉತ್ತರ ಕನ್ನಡ ಜಿಲ್ಲೆಯ ಒಂದು ಮೂಲೆಯಲ್ಲಿ ಸಿಗುವ ಈ ಪ್ರಶ್ನೆಯ ಉತ್ತರ ಇಪ್ಪತ್ತನೆಯ ಶತಮಾನದ ಒಂದು ದೊಡ್ಡ ದುರಂತದಲ್ಲಿದೆ.

ಒಪ್ಪಂದ ಮತ್ತು ಅದರ ಭಂಗ

1949ರ ಅಕ್ಟೋಬರ್ 1ರಂದು ಮಾವೋ ತ್ಸೆ ತುಂಗ್ ಬೀಜಿಂಗ್‌ನಲ್ಲಿ ಚೀನಾ ಜನತಾ ಗಣರಾಜ್ಯದ ಸ್ಥಾಪನೆಯನ್ನು ಘೋಷಿಸಿದರು. ಮರುವರ್ಷ ಅಕ್ಟೋಬರ್‌ನಲ್ಲಿ ಚೀನಾದ ಜನತಾ ವಿಮೋಚನಾ ಸೇನೆ ಪೂರ್ವ ಟಿಬೆಟಿನ ಛಾಮ್ಡೊವನ್ನು ವಶಪಡಿಸಿಕೊಂಡಿತು. ಟಿಬೆಟಿನ ಪುಟ್ಟ ಸೈನ್ಯ ಎದುರು ನಿಲ್ಲಲಿಲ್ಲ. ಲ್ಹಾಸಾದಲ್ಲಿ ಅವಸರದಿಂದ 15 ವರ್ಷದ ಹುಡುಗ, ಹದಿನಾಲ್ಕನೆಯ ದಲೈ ಲಾಮಾ ಅವರ ಕೈಗೆ ರಾಜ್ಯಾಧಿಕಾರವನ್ನು ಒಪ್ಪಿಸಲಾಯಿತು. ಟಿಬೆಟ್ ವಿಶ್ವಸಂಸ್ಥೆಗೆ ಮೊರೆಯಿಟ್ಟಿತು. ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶ ಮಾತ್ರ ಅದನ್ನು ಚರ್ಚೆಗೆ ಎತ್ತಿಕೊಂಡಿತು. ದೊಡ್ಡ ದೇಶಗಳು ಮುಂದೂಡಿದವು.

1951ರ ಮೇ 23ರಂದು ಬೀಜಿಂಗ್‌ನಲ್ಲಿ ಟಿಬೆಟಿನ ಪ್ರತಿನಿಧಿಗಳು 17 ಅಂಶಗಳ ಒಪ್ಪಂದಕ್ಕೆ ಸಹಿ ಹಾಕಿದರು. ಟಿಬೆಟ್ ಚೀನಾದ ಭಾಗವೆಂದು ಒಪ್ಪಿಕೊಳ್ಳಬೇಕಾಯಿತು. ಪ್ರತಿಯಾಗಿ ಚೀನಾ ಕೊಟ್ಟ ಮಾತುಗಳು ಮುಖ್ಯವಾದವು. ದಲೈ ಲಾಮಾರ ಸ್ಥಾನಮಾನ ಬದಲಾಗದು. ಧರ್ಮದ ಸ್ವಾತಂತ್ರ್ಯಕ್ಕೆ ಧಕ್ಕೆ ಬಾರದು. ವಿಹಾರಗಳಿಗೆ ರಕ್ಷಣೆ ಉಂಟು. ಸುಧಾರಣೆಗಳನ್ನು ಬಲವಂತದಿಂದ ಹೇರಲಾಗದು. ಈ ಸಹಿಯನ್ನು ಬೆದರಿಸಿ ಪಡೆಯಲಾಯಿತೆಂದು ದಲೈ ಲಾಮಾ ಮುಂದೆ ಹೇಳಿ, ಒಪ್ಪಂದವನ್ನು ತಿರಸ್ಕರಿಸಿದರು.

ಮೊದಲ ಕೆಲವು ವರ್ಷ ಲ್ಹಾಸಾದಲ್ಲಿ ಹೊರನೋಟಕ್ಕೆ ಹೆಚ್ಚಿನದೇನೂ ಆಗಲಿಲ್ಲ. ಆದರೆ ಪೂರ್ವದ ಖಾಮ್ ಮತ್ತು ಆಮ್ಡೊ ಪ್ರಾಂತಗಳಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲವೆಂದು ಚೀನಾ ಬಗೆಯಿತು. ಅವು ಸಿಚುವಾನ್, ಚಿಂಗ್‌ಹಾಯ್ ಮೊದಲಾದ ಚೀನೀ ಪ್ರಾಂತಗಳೊಳಗೆ ಸೇರಿದ್ದವು. 1956ರ ಹೊತ್ತಿಗೆ ಅಲ್ಲಿ ‘ಪ್ರಜಾಸತ್ತಾತ್ಮಕ ಸುಧಾರಣೆ’ ಶುರುವಾಯಿತು. ವಿಹಾರಗಳ ಭೂಮಿ, ಧಾನ್ಯ, ಆಯುಧಗಳ ಜಪ್ತಿಗೆ ಹೊರಟಾಗ ಜನ ದಂಗೆ ಎದ್ದರು. ಅದೇ ವರ್ಷ ಲಿಥಾಂಗ್‌ನ ವಿಹಾರದ ಮೇಲೆ ವಿಮಾನಗಳಿಂದ ಬಾಂಬು ಬಿತ್ತು. ಪೂರ್ವದಿಂದ ನಿರಾಶ್ರಿತರು ಲ್ಹಾಸಾಕ್ಕೆ ಹರಿದು ಬಂದರು. ಅವರ ಜೊತೆಗೆ ಸುದ್ದಿಯೂ ಬಂತು, ಭಯವೂ ಬಂತು.

1959ರ ಮಾರ್ಚ್ 10ರಂದು ಆ ಭಯ ಸ್ಫೋಟಿಸಿತು. ದಲೈ ಲಾಮಾ ಅವರನ್ನು ಚೀನೀ ಸೇನಾ ಶಿಬಿರದ ನೃತ್ಯ ಪ್ರದರ್ಶನಕ್ಕೆ ಸಶಸ್ತ್ರ ಅಂಗರಕ್ಷಕರಿಲ್ಲದೆ ಕರೆಯಲಾಗಿದೆ ಎಂಬ ಸುದ್ದಿ ಹಬ್ಬಿ, ಸಾವಿರಾರು ಜನ ಅವರ ಬೇಸಿಗೆ ಅರಮನೆಯಾದ ನೋರ್ಬುಲಿಂಗ್ಕಾವನ್ನು ಸುತ್ತುವರಿದು ಕಾವಲು ನಿಂತರು. ಮಾರ್ಚ್ 17ರ ರಾತ್ರಿ ದಲೈ ಲಾಮಾ ಸೈನಿಕನ ವೇಷದಲ್ಲಿ ಹೊರಬಿದ್ದರು. ಮೂರು ದಿನಗಳ ಬಳಿಕ ಫಿರಂಗಿಗಳು ಗರ್ಜಿಸಿದವು. ಮಾರ್ಚ್ 31ರಂದು ದಲೈ ಲಾಮಾ ತವಾಂಗ್ ಕಡೆಯಿಂದ ಭಾರತದ ನೆಲಕ್ಕೆ ಕಾಲಿಟ್ಟರು. ಅವರ ಹಿಂದೆ ಸುಮಾರು 80 ಸಾವಿರ ಜನ ಬಂದರು.

ಹಿಂದೆ ಉಳಿದವರಿಗೆ ಆದದ್ದು

ಬಂದವರ ಕಥೆ ನಮಗೆ ಸ್ವಲ್ಪ ಗೊತ್ತು. ಉಳಿದವರ ಕಥೆ ಹೊರಬರಲು ಬಹಳ ಕಾಲ ಹಿಡಿಯಿತು. ದಂಗೆ ಅಡಗಿದ ಮೇಲೆ ಲ್ಹಾಸಾದ ಸುತ್ತಲೂ ‘ಸುಧಾರಣೆ’ ಜಾರಿಯಾಯಿತು. ಕಮ್ಯುನಿಸ್ಟ್ ಪಕ್ಷದ ಲೆಕ್ಕದಲ್ಲಿ ಪ್ರತಿಯೊಬ್ಬನೂ ಒಂದು ವರ್ಗಕ್ಕೆ ಸೇರಬೇಕು: ಜಮೀನ್ದಾರ, ಅವನ ಏಜೆಂಟ, ಬಡ ರೈತ, ಜೀತದಾಳು. ಹಿರಿಯ ಲಾಮಾಗಳು ಶೋಷಕ ವರ್ಗದವರೆಂದು ಗುರುತಾದರು. ಊರಿನ ಬಯಲಿನಲ್ಲಿ ‘ತಮ್‌ಜಿಂಗ್’ ಎಂಬ ಹೋರಾಟ ಸಭೆಗಳು ನಡೆದವು. ಆರೋಪಿಯನ್ನು ತಲೆ ಬಗ್ಗಿಸಿ ನಿಲ್ಲಿಸುವುದು. ನೆರೆಯವರು, ಶಿಷ್ಯರು, ಕೆಲವೊಮ್ಮೆ ಸ್ವಂತ ಮಕ್ಕಳೇ ಎದ್ದು ಅವನ ತಪ್ಪುಗಳನ್ನು ಕೂಗಿ ಹೇಳುವುದು, ಉಗುಳುವುದು, ಹೊಡೆಯುವುದು. ಸುಮ್ಮನೆ ಕೂತವರ ಮೇಲೆ ಮರುದಿನ ಅನುಮಾನ. ಇಡೀ ಊರೇ ಕೈಜೋಡಿಸುವಂತೆ ಮಾಡಿ, ನಾಳೆ ಯಾರೂ ಯಾರನ್ನೂ ನಂಬದಂತೆ ಮಾಡುವುದು ಈ ಸಭೆಯ ನಿಜವಾದ ಫಲ.

ಈ ದಿನಗಳ ಬಗ್ಗೆ ದೊರೆತಿರುವ ದೊಡ್ಡ ಸಾಕ್ಷ್ಯ ಓಡಿಬಂದವರದಲ್ಲ, ಚೀನಾದ ಜೊತೆಗೇ ಉಳಿದ ಒಬ್ಬರದು. ದಲೈ ಲಾಮಾ ಅವರ ನಂತರದ ಸ್ಥಾನದಲ್ಲಿದ್ದ ಹತ್ತನೆಯ ಪಂಚೆನ್ ಲಾಮಾ 1962ರಲ್ಲಿ ಪ್ರಧಾನಿ ಚೌ ಎನ್ ಲಾಯ್ ಅವರಿಗೆ ಒಂದು ಉದ್ದನೆಯ ಮನವಿ ಕೊಟ್ಟರು. ಚೀನೀ ಲಿಪಿಯ ಎಣಿಕೆಯಿಂದ ಅದಕ್ಕೆ ‘ಎಪ್ಪತ್ತು ಸಾವಿರ ಅಕ್ಷರಗಳ ಮನವಿ’ ಎಂದೇ ಹೆಸರು. ಟಿಬೆಟಿನಲ್ಲಿ 2,500ಕ್ಕೂ ಹೆಚ್ಚು ವಿಹಾರಗಳಿದ್ದಲ್ಲಿ ಸುಧಾರಣೆಯ ನಂತರ ಉಳಿದದ್ದು 70ರಷ್ಟು ಮಾತ್ರ ಎಂದು ಅವರು ಅದರಲ್ಲಿ ಲೆಕ್ಕ ಕೊಟ್ಟರು. 1 ಲಕ್ಷ 10 ಸಾವಿರದಷ್ಟಿದ್ದ ಭಿಕ್ಷು ಭಿಕ್ಷುಣಿಯರು 7 ಸಾವಿರಕ್ಕೆ ಇಳಿದಿದ್ದರು. ಅವಿವೇಕದ ಬಂಧನಗಳನ್ನೂ ಹಸಿವಿನ ಸಾವುಗಳನ್ನೂ ಅವರು ಬರೆದರು. ಅದು ಮಾವೋ ಅವರ ‘ಮಹಾ ಜಿಗಿತ’ದ ಕಾಲ, ಆ ಧೋರಣೆಯಿಂದ ಬಂದ ಕ್ಷಾಮದಲ್ಲಿ ಇಡೀ ಚೀನಾದಲ್ಲಿ ಕೋಟಿಗಟ್ಟಲೆ ಜನ, ಬಹುಪಾಲು ಚೀನೀ ರೈತರೇ, ಸತ್ತರು.

ಗಮನಿಸಬೇಕಾದ ಸಂಗತಿ, ಈ ಲೆಕ್ಕ 1962ರದು. ಅಂದರೆ ಸಾಂಸ್ಕೃತಿಕ ಕ್ರಾಂತಿಗೆ ನಾಲ್ಕು ವರ್ಷ ಮುಂಚಿನದು. ವಿಹಾರಗಳು ಹಾಳಾದದ್ದು ಕ್ರಾಂತಿಯ ಹುಚ್ಚಿನಲ್ಲಿ ಮಾತ್ರ ಎಂಬ ಸಮಾಧಾನಕ್ಕೆ ಈ ದಾಖಲೆ ಅವಕಾಶ ಕೊಡುವುದಿಲ್ಲ. ಮಾವೋ ಈ ಮನವಿಯನ್ನು ಪಕ್ಷದತ್ತ ಬಿಟ್ಟ ವಿಷದ ಬಾಣ ಎಂದರು. 1964ರಲ್ಲಿ ಪಂಚೆನ್ ಲಾಮಾ ತಾವೇ ಹೋರಾಟ ಸಭೆಗೆ ಗುರಿಯಾದರು. ಮುಂದೆ ಸೆರೆಮನೆ ಮತ್ತು ಗೃಹಬಂಧನದಲ್ಲಿ ಹಲವು ವರ್ಷ ಕಳೆದರು. ಮನವಿಯ ಪೂರ್ಣ ಪಾಠ ಲಂಡನ್‌ನಲ್ಲಿ ಅಚ್ಚಾದದ್ದು 1997ರಲ್ಲಿ, ಅವರು ತೀರಿಕೊಂಡು ಎಂಟು ವರ್ಷಗಳ ಮೇಲೆ.

ಒಂದೇ ವರ್ಷ, ಎರಡು ಘಟನೆ

1966ರ ಆಗಸ್ಟ್‌ನಲ್ಲಿ ರೆಡ್ ಗಾರ್ಡ್‌ಗಳೆಂಬ ಯುವಪಡೆಗಳು ಲ್ಹಾಸಾದ ಅತಿ ಪವಿತ್ರ ದೇಗುಲ ಜೋಖಾಂಗ್‌ಗೆ ನುಗ್ಗಿದವು. ವಿಗ್ರಹಗಳು ಒಡೆದವು, ಗ್ರಂಥಗಳು ಬೆಂಕಿಗೆ ಹೋದವು. ಆ ಪಡೆಗಳಲ್ಲಿ ಚೀನೀಯರ ಜೊತೆಗೆ ಟಿಬೆಟಿನ ಯುವಕರೂ ಇದ್ದರು ಎಂಬುದನ್ನು ಮರೆಯುವಂತಿಲ್ಲ. ಮುಂದಿನ ಕೆಲವು ವರ್ಷಗಳಲ್ಲಿ ಗಾಂದೆನ್ ವಿಹಾರ ಬರಿಯ ಗೋಡೆಗಳ ಹಾಳು ದಿಬ್ಬವಾಯಿತು. ಐದೂವರೆ ಶತಮಾನ ಅಲ್ಲಿ ಕೇಳುತ್ತಿದ್ದ ಪಾಠದ ದನಿ ನಿಂತಿತು.

ಅದೇ 1966ರಲ್ಲಿ ಮುಂಡಗೋಡದ ಕಾಡಿನಲ್ಲಿ ಟಿಬೆಟಿಯನ್ನರ ಪುನರ್ವಸತಿ ಆರಂಭವಾಯಿತು.

ಅಲ್ಲಿಗೆ ಬರುವ ಮುನ್ನ ಅವರು ಏಳು ವರ್ಷ ಅಲೆದಿದ್ದರು. 1959ರಲ್ಲಿ ಗಡಿ ದಾಟಿದವರನ್ನು ಅಸ್ಸಾಮಿನ ಮಿಸ್ಸಾಮಾರಿ ಶಿಬಿರದಲ್ಲಿ ಬಿದಿರಿನ ಗುಡಿಸಲುಗಳಲ್ಲಿ ಇಡಲಾಗಿತ್ತು. ಹಿಮದ ನಾಡಿನ ಜನ ಸೆಕೆಗೆ, ಜ್ವರಕ್ಕೆ, ಹೊಟ್ಟೆಯ ಕಾಯಿಲೆಗಳಿಗೆ ಬಲಿಯಾದರು. ಮುಂದೆ ಬಹಳ ಮಂದಿ ಹಿಮಾಲಯದ ರಸ್ತೆ ಕೆಲಸಕ್ಕೆ ಹೋಗಿ ಕಲ್ಲು ಒಡೆದರು. ಮೂರು ಮಹಾ ವಿಹಾರಗಳಿಂದ ತಪ್ಪಿಸಿಕೊಂಡ ಭಿಕ್ಷುಗಳನ್ನು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಹಳೆಯ ಬಂದೀಖಾನೆಯಲ್ಲಿ ಇರಿಸಲಾಯಿತು. ಅಲ್ಲಿಯೂ ಅವರು ಪಾಠ ಬಿಡಲಿಲ್ಲ. ಕ್ಷಯವೂ ಅವರನ್ನು ಬಿಡಲಿಲ್ಲ.

ಪ್ರಧಾನಿ ನೆಹರೂ ರಾಜ್ಯಗಳಿಗೆ ಭೂಮಿ ಕೇಳಿ ಬರೆದಾಗ ಮೈಸೂರು ರಾಜ್ಯ ಉದಾರವಾಗಿ ಸ್ಪಂದಿಸಿತು. ಬೈಲುಕುಪ್ಪೆಯಲ್ಲಿ ಮೊದಲ ವಸತಿ ಎದ್ದಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಮುಂಡಗೋಡದಲ್ಲಿ ಸುಮಾರು 4 ಸಾವಿರ ಎಕರೆ ದೊರೆಯಿತು. ಮುಂದೆ ಹುಣಸೂರು ಮತ್ತು ಕೊಳ್ಳೇಗಾಲದ ಕಡೆಯೂ ವಸತಿಗಳಾದವು. ನಿಜಲಿಂಗಪ್ಪನವರ ಹೆಸರನ್ನು ದಲೈ ಲಾಮಾ ಹಲವು ಸಲ ಕೃತಜ್ಞತೆಯಿಂದ ನೆನೆದಿದ್ದಾರೆ.

ಬಕ್ಸಾದಿಂದ ಕೆಲವು ನೂರು ಭಿಕ್ಷುಗಳು 1969ರ ಸುಮಾರಿಗೆ ಮುಂಡಗೋಡಕ್ಕೆ ಬಂದರು. ಗ್ರಂಥ ಹಿಡಿದ ಕೈಗಳು ಕೊಡಲಿ, ಗುದ್ದಲಿ ಹಿಡಿದವು. ಹಗಲು ಹೊಲದ ಕೆಲಸ, ಸಂಜೆ ಪಾಠ. ಹೀಗೆ ಕಾಡು ಕಡಿದ ಜಾಗದಲ್ಲಿ ಗಾಂದೆನ್ ಮತ್ತು ಡ್ರೆಪುಂಗ್ ಮತ್ತೆ ಎದ್ದವು. ಊರಿನವರ ಬಾಯಲ್ಲಿ ಅವು ಲಾಮಾ ಕ್ಯಾಂಪುಗಳು.

ಇನ್ನೊಂದು ಪಕ್ಷದ ಮಾತು

ಚೀನಾ ಸರ್ಕಾರ ಈ ಇತಿಹಾಸವನ್ನು ಬೇರೆಯಾಗಿ ಹೇಳುತ್ತದೆ. ಹಳೆಯ ಟಿಬೆಟ್ ಜೀತಗಾರರ ನಾಡು, ಶ್ರೀಮಂತ ಮನೆತನಗಳೂ ವಿಹಾರಗಳೂ ಭೂಮಿಯ ಒಡೆಯರು, ಪಕ್ಷ ಬಂದು ಜನರನ್ನು ಬಿಡಿಸಿತು, ರಸ್ತೆ, ಶಾಲೆ, ಆಸ್ಪತ್ರೆ ತಂದಿತು ಎಂಬುದು ಅದರ ವಾದ. ಇದರಲ್ಲಿ ಸತ್ಯಾಂಶವಿದೆ. ಹಳೆಯ ಟಿಬೆಟಿನಲ್ಲಿ ಹೆಚ್ಚಿನ ರೈತರು ಒಡೆಯರ ಭೂಮಿಗೆ ಕಟ್ಟುಬಿದ್ದವರೇ. ಕಠಿಣ ಶಿಕ್ಷೆಗಳೂ ಇದ್ದವು. ಆ ವ್ಯವಸ್ಥೆ ಬದಲಾಗಬೇಕಿತ್ತೆಂದು ದಲೈ ಲಾಮಾ ಕೂಡ ಒಪ್ಪಿದ್ದಾರೆ. ಆದರೆ ಜೀತ ಬಿಡಿಸುವುದಕ್ಕೆ ಗ್ರಂಥಗಳನ್ನು ಸುಡಬೇಕಾಗಿರಲಿಲ್ಲ. ಬಿಡುಗಡೆಯಾದವನಿಗೆ ದೇವರ ಹೆಸರು ಹೇಳುವ ಸ್ವಾತಂತ್ರ್ಯವೂ ಇಲ್ಲದಿದ್ದರೆ ಆ ಬಿಡುಗಡೆ ಎಂಥದು ಎಂಬ ಪ್ರಶ್ನೆಗೆ ಬೀಜಿಂಗ್‌ನಿಂದ ಉತ್ತರ ಬಂದಿಲ್ಲ.

ಎಚ್ಚರ ಈ ಕಡೆಯಲ್ಲೂ ಬೇಕು. ಚೀನಾದ ಆಳ್ವಿಕೆಯಲ್ಲಿ 12 ಲಕ್ಷ ಟಿಬೆಟಿಯನ್ನರು ಸತ್ತರೆಂದು ದೇಶಭ್ರಷ್ಟ ಟಿಬೆಟ್ ಆಡಳಿತ ಹೇಳುತ್ತ ಬಂದಿದೆ. ಆ ಸಂಖ್ಯೆಯನ್ನು ಹಲವು ಇತಿಹಾಸಕಾರರು ಒಪ್ಪುವುದಿಲ್ಲ. ಮೂಲ ದಾಖಲೆಗಳಲ್ಲಿ ಅದಕ್ಕೆ ಆಧಾರ ಸಾಲದು ಎನ್ನುತ್ತಾರೆ. ಸಂಖ್ಯೆ ಕಡಿಮೆಯಾದ ಮಾತ್ರಕ್ಕೆ ಅಪರಾಧ ಕಡಿಮೆಯಾಗದು. ಆದರೆ ಸತ್ತವರ ಬಗ್ಗೆ ಮಾತನಾಡುವಾಗ ಲೆಕ್ಕ ಸರಿಯಾಗಿರಬೇಕು.

ಅಂಥ ಎಚ್ಚರದ ವಿಚಾರಣೆಯೊಂದನ್ನು ನಡೆಸಿದ್ದು ಒಬ್ಬ ಭಾರತೀಯ ವಕೀಲರು ಎಂಬುದು ಇಂದು ಮರೆತುಹೋಗಿದೆ. ಜಿನೀವಾದ ಅಂತರರಾಷ್ಟ್ರೀಯ ನ್ಯಾಯವೇತ್ತರ ಆಯೋಗ ಟಿಬೆಟ್ ಕುರಿತು ನೇಮಿಸಿದ ವಿಚಾರಣಾ ಸಮಿತಿಗೆ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಪುರುಷೋತ್ತಮ ತ್ರಿಕಮದಾಸ್ ಅಧ್ಯಕ್ಷರು. 1960ರ ವರದಿಯಲ್ಲಿ ಸಮಿತಿ, ಟಿಬೆಟಿಯನ್ನರನ್ನು ಒಂದು ಧಾರ್ಮಿಕ ಸಮುದಾಯವಾಗಿ ನಾಶಮಾಡುವ ಕೃತ್ಯಗಳು ನಡೆದಿವೆ ಎಂದು ತೀರ್ಮಾನಿಸಿತು. ಅವರನ್ನು ಜನಾಂಗವಾಗಿ ನಾಶ ಮಾಡಲಾಯಿತು ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದೂ ಅದೇ ವರದಿ ಹೇಳಿತು. ಎರಡೂ ಮಾತನ್ನು ಹೇಳುವ ಪ್ರಾಮಾಣಿಕತೆ ಅದಕ್ಕಿತ್ತು.

ವಿಶ್ವಸಂಸ್ಥೆಯ ಮಹಾಸಭೆ 1959, 1961 ಮತ್ತು 1965ರಲ್ಲಿ ಟಿಬೆಟಿಯನ್ನರ ಮೂಲಭೂತ ಹಕ್ಕುಗಳನ್ನು ಗೌರವಿಸಬೇಕೆಂದು ನಿರ್ಣಯಗಳನ್ನು ಅಂಗೀಕರಿಸಿತು. 1954ರ ಪಂಚಶೀಲ ಒಪ್ಪಂದದಲ್ಲಿ ಟಿಬೆಟನ್ನು ‘ಚೀನಾದ ಟಿಬೆಟ್ ಪ್ರದೇಶ’ ಎಂದು ಕರೆದಿದ್ದ ಭಾರತ 1959ರಲ್ಲಿ ಮತ ಹಾಕದೆ ತಟಸ್ಥವಾಗಿ ಉಳಿಯಿತು. 1962ರ ಯುದ್ಧದ ಕಹಿಯ ನಂತರ, 1965ರಲ್ಲಿ ನಿರ್ಣಯದ ಪರ ಮತ ಹಾಕಿತು. ಹಕ್ಕುಗಳ ಮಾತಿನ ಹಿಂದೆ ರಾಜತಂತ್ರದ ತಕ್ಕಡಿಯೂ ತೂಗುತ್ತಿರುತ್ತದೆ.

ಮುಂಡಗೋಡದಿಂದ ಹಿಂದಿರುಗಿದ ಒಬ್ಬರು

ಇದೆಲ್ಲ ಮಾವೋ ಕಾಲದ ಹಳೆಯ ಕಥೆ ಎನ್ನುವಂತಿಲ್ಲ. 1980ರಲ್ಲಿ ಪಕ್ಷದ ನಾಯಕ ಹು ಯಾವೋಬಾಂಗ್ ಲ್ಹಾಸಾಕ್ಕೆ ಬಂದು ಅಲ್ಲಿನ ಬಡತನ ಕಂಡು ಅಧಿಕಾರಿಗಳನ್ನು ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡಾಗ ಸ್ವಲ್ಪ ಸಡಿಲಿಕೆ ಬಂತು. ವಿಹಾರಗಳ ದುರಸ್ತಿ ಶುರುವಾಯಿತು. ಆದರೆ 1987ರಿಂದ ಪ್ರತಿಭಟನೆಗಳು ನಡೆದು, 1989ರ ಮಾರ್ಚ್‌ನಲ್ಲಿ ಲ್ಹಾಸಾದಲ್ಲಿ ಸೇನಾ ಕಾನೂನು ಹೇರಲಾಯಿತು. ಬೀಜಿಂಗ್‌ನ ತಿಯೆನಾನ್‌ಮೆನ್ ಚೌಕದಲ್ಲಿ ಚೀನೀ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿದ್ದು ಅದೇ ವರ್ಷದ ಜೂನ್‌ನಲ್ಲಿ. ದಲೈ ಲಾಮಾ ಅವರಿಗೆ ನೊಬೆಲ್ ಶಾಂತಿ ಪುರಸ್ಕಾರ ಸಂದದ್ದೂ ಅದೇ ವರ್ಷ.

ಡ್ರೆಪುಂಗ್‌ನ ಭಿಕ್ಷು ಪಾಲ್ದೆನ್ ಗ್ಯಾತ್ಸೊ 1959ರಲ್ಲಿ ಬಂಧನಕ್ಕೊಳಗಾಗಿ, ಸೆರೆಮನೆ ಮತ್ತು ದುಡಿಮೆ ಶಿಬಿರಗಳಲ್ಲಿ 33 ವರ್ಷ ಕಳೆದರು. 1992ರಲ್ಲಿ ಹೊರಬಂದು, ತಮಗೆ ಹಿಂಸೆ ಕೊಟ್ಟ ಉಪಕರಣಗಳನ್ನು ಹೊತ್ತು ಭಾರತಕ್ಕೆ ತಪ್ಪಿಸಿಕೊಂಡರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದ ಎದುರು ಸಾಕ್ಷಿ ನುಡಿದರು. 2018ರಲ್ಲಿ ಧರ್ಮಶಾಲೆಯಲ್ಲಿ ತೀರಿಕೊಂಡರು.

ಮುಂಡಗೋಡಕ್ಕೆ ಇನ್ನೂ ಹತ್ತಿರದ ಹೆಸರು ತೆಂಜಿನ್ ದೆಲೆಕ್ ರಿಂಪೋಚೆ ಅವರದು. ಬಾಂಬು ಬಿದ್ದ ಅದೇ ಲಿಥಾಂಗ್ ಸೀಮೆಯವರು. 1982ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಡ್ರೆಪುಂಗ್‌ನಲ್ಲಿ ಓದಿದರು. 1987ರಲ್ಲಿ ಊರಿಗೆ ಮರಳಿದರು. ಅಲ್ಲಿ ವಿಹಾರ ಕಟ್ಟಿದರು, ಶಾಲೆ ತೆರೆದರು, ಅನಾಥ ಮಕ್ಕಳಿಗೂ ವೃದ್ಧರಿಗೂ ಆಸರೆ ಮಾಡಿದರು, ಕಾಡು ಕಡಿಯುವುದನ್ನು ವಿರೋಧಿಸಿದರು. ಜನ ಅಧಿಕಾರಿಗಳಿಗಿಂತ ಅವರ ಮಾತನ್ನು ಹೆಚ್ಚು ಕೇಳತೊಡಗಿದರು. 2002ರ ಏಪ್ರಿಲ್‌ನಲ್ಲಿ ಚೆಂಗ್ಡುವಿನ ಬಾಂಬು ಸ್ಫೋಟವೊಂದರ ಆರೋಪದಲ್ಲಿ ಅವರನ್ನು ಬಂಧಿಸಲಾಯಿತು. ಅವರು ಆರೋಪವನ್ನು ಕೊನೆಯವರೆಗೂ ನಿರಾಕರಿಸಿದರು. ಆ ವರ್ಷವೇ ಡಿಸೆಂಬರ್‌ನಲ್ಲಿ ಮರಣದಂಡನೆ ವಿಧಿಸಿ, ಜಾರಿಯನ್ನು ಎರಡು ವರ್ಷ ತಡೆಹಿಡಿಯಲಾಯಿತು. ಅವರ ಜೊತೆಗೆ ಶಿಕ್ಷೆಯಾದ ಲೋಬ್ಸಾಂಗ್ ಧೊಂಡುಪ್ ಎಂಬ ಯುವಕನನ್ನು 2003ರ ಜನವರಿಯಲ್ಲಿ ಗಲ್ಲಿಗೇರಿಸಿದಂತೆಯೇ ಸರಿ, ಕೊಂದುಹಾಕಿದರು. ರಿಂಪೋಚೆಯವರ ಶಿಕ್ಷೆ ಜೀವಾವಧಿಗೆ ಇಳಿಯಿತು. ವಿಚಾರಣೆ ನ್ಯಾಯಯುತವಾಗಿರಲಿಲ್ಲವೆಂದು ಅಂತರರಾಷ್ಟ್ರೀಯ ಮಾನವ ಹಕ್ಕು ಸಂಸ್ಥೆಗಳು ಹೇಳಿದವು. 2015ರ ಜುಲೈ 12ರಂದು ಅವರು ಸೆರೆಯಲ್ಲೇ ತೀರಿಕೊಂಡರು. ದೇಹವನ್ನು ಕುಟುಂಬಕ್ಕೆ ಕೊಡದೆ ಅಧಿಕಾರಿಗಳೇ ಸುಟ್ಟರು.

ಬೈಲುಕುಪ್ಪೆಯಲ್ಲಿ ಪಂಚೆನ್ ಲಾಮಾರ ಪೀಠವಾದ ತಾಶಿ ಲುನ್ಪೊ ವಿಹಾರ 1972ರಲ್ಲಿ ಮತ್ತೆ ಸ್ಥಾಪನೆಯಾಯಿತು. ಆದರೆ ಪೀಠದಲ್ಲಿ ಕೂರಬೇಕಾದವರು ಎಲ್ಲಿದ್ದಾರೆಂದು ಯಾರಿಗೂ ತಿಳಿಯದು. 1995ರ ಮೇ 14ರಂದು ದಲೈ ಲಾಮಾ ಹನ್ನೊಂದನೆಯ ಪಂಚೆನ್ ಲಾಮಾ ಎಂದು ಗುರುತಿಸಿದ ಆರು ವರ್ಷದ ಹುಡುಗ ಗೆಧುನ್ ಚೋಕ್ಯಿ ನ್ಯಿಮಾ ಮೂರೇ ದಿನಗಳಲ್ಲಿ ಮನೆಯವರೊಂದಿಗೆ ಕಾಣೆಯಾದ. ಚೀನಾ ಬೇರೊಬ್ಬ ಹುಡುಗನನ್ನು ಆ ಸ್ಥಾನಕ್ಕೆ ಕೂರಿಸಿತು. ಮೊದಲಿನವನು ಸಾಮಾನ್ಯ ಪ್ರಜೆಯಾಗಿ ಕ್ಷೇಮವಾಗಿದ್ದಾನೆ ಎಂದು ಅಧಿಕಾರಿಗಳು ಹೇಳುತ್ತಾರೆ, ಸ್ವತಂತ್ರವಾಗಿ ಕಂಡವರಿಲ್ಲ.

2008ರ ಮಾರ್ಚ್ 10ರಂದು ಲ್ಹಾಸಾದ ಡ್ರೆಪುಂಗ್‌ನಿಂದ ಹೊರಟ ಭಿಕ್ಷುಗಳ ಮೆರವಣಿಗೆಯಿಂದ ಮತ್ತೊಂದು ದೊಡ್ಡ ಪ್ರತಿಭಟನೆ ಮೊದಲಾಯಿತು. ಅದು ಮುಂದೆ ಹಿಂಸೆಗೆ ತಿರುಗಿ, ಸಾಮಾನ್ಯ ಚೀನೀ ಅಂಗಡಿಕಾರರೂ ಸತ್ತರು. ದಮನದಲ್ಲಿ ಟಿಬೆಟಿಯನ್ನರೂ ಸತ್ತರು. 2009ರಿಂದ ಈಚೆಗೆ 150ಕ್ಕೂ ಹೆಚ್ಚು ಟಿಬೆಟಿಯನ್ನರು ಮೈಗೆ ಬೆಂಕಿ ಹಚ್ಚಿಕೊಂಡಿದ್ದಾರೆ. ಸುಮಾರು 10 ಲಕ್ಷ ಟಿಬೆಟಿಯನ್ ಮಕ್ಕಳನ್ನು ಮನೆಯಿಂದ ದೂರವಿಟ್ಟು ಚೀನೀ ಭಾಷೆಯ ವಸತಿ ಶಾಲೆಗಳಲ್ಲಿ ಬೆಳೆಸಲಾಗುತ್ತಿದೆ ಎಂದು 2023ರಲ್ಲಿ ವಿಶ್ವಸಂಸ್ಥೆಯ ತಜ್ಞರು ಕಳವಳ ವ್ಯಕ್ತಪಡಿಸಿದರು. ಚೀನಾ ಇದನ್ನು ಅಲ್ಲಗಳೆದಿದೆ.

ಕರಾವಳಿಗೆ ಗೊತ್ತಿರುವ ಕಥೆ

ಭಟ್ಕಳ, ಹೊನ್ನಾವರ, ಕುಮಟೆಯವರಿಗೆ ಈ ಕಥೆ ಪೂರ್ತಿ ಹೊಸದಾಗಬೇಕಿಲ್ಲ. 1560ರಲ್ಲಿ ಪೋರ್ಚುಗೀಸರು ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮ ವಿಚಾರಣೆಯ ನ್ಯಾಯಪೀಠ ತೆರೆದರು. ಅದಕ್ಕೂ ಮೊದಲೇ ದೇಗುಲಗಳನ್ನು ಕೆಡವಲು ಶುರುವಾಗಿತ್ತು. ಆ ಕಾಲದಲ್ಲಿ ದಕ್ಷಿಣಕ್ಕೆ ಓಡಿಬಂದ ಕೊಂಕಣಿ ಕುಟುಂಬಗಳ ವಂಶದವರು ಇಂದಿಗೂ ಈ ಊರುಗಳ ಪೇಟೆಗಳಲ್ಲಿದ್ದಾರೆ. ಅವರ ಕುಲದೇವರು ಗೋವೆಯಲ್ಲಿ, ಮನೆ ಇಲ್ಲಿ. ಹಿಂದೂಗಳಷ್ಟೇ ಅಲ್ಲ, ಕ್ರೈಸ್ತರಾದವರೂ ಆ ವಿಚಾರಣೆಗೆ ಹೆದರಿ ಕನ್ನಡ ಜಿಲ್ಲೆಗೆ ಬಂದರು. ಆಗ ಹಿಂಸೆಯ ಕೈಯಲ್ಲಿ ಶಿಲುಬೆ ಇತ್ತು, ಲ್ಹಾಸಾದಲ್ಲಿ ಕೆಂಪು ಪುಸ್ತಕ. ಸತ್ಯವೆಲ್ಲ ತನ್ನೊಬ್ಬನ ಬಳಿಯೇ ಇದೆ ಎಂದುಕೊಂಡ ಅಧಿಕಾರ ಎರಡೂ ಕಡೆ ಮಾಡಿದ್ದು ಒಂದೇ.

ಮುಂಡಗೋಡದ ಬದುಕೂ ತೊಡಕಿಲ್ಲದ್ದಲ್ಲ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಟಿಬೆಟಿಯನ್ನರು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರದ ಮೇಲೆ ಬದುಕುತ್ತಾರೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪೌರರು ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಎತ್ತಿಹಿಡಿಯಿತು. ಆದರೂ ಪೌರತ್ವ ಪಡೆದರೆ ಮರಳುವ ಹಕ್ಕನ್ನು ಬಿಟ್ಟಂತೆ ಎಂದು ಹಿಂಜರಿಯುವವರಿದ್ದಾರೆ. 2008ರ ನಂತರ ಗಡಿ ಬಿಗಿಯಾಗಿ ಟಿಬೆಟಿನಿಂದ ಹೊಸದಾಗಿ ಬರುವವರು ತೀರಾ ಕಡಿಮೆಯಾಗಿದ್ದಾರೆ. ಯುವಕರು ಬೆಂಗಳೂರಿಗೆ, ಹೊರದೇಶಗಳಿಗೆ ಹೋಗುತ್ತಿದ್ದಾರೆ. ಲ್ಹಾಸಾವನ್ನು ಕಣ್ಣಾರೆ ಕಂಡ ತಲೆಮಾರು ವೃದ್ಧಾಶ್ರಮದ ಜಗಲಿಯಲ್ಲಿ ಜಪಮಾಲೆ ಎಣಿಸುತ್ತ ಕರಗುತ್ತಿದೆ.

2025ರ ಜುಲೈನಲ್ಲಿ ದಲೈ ಲಾಮಾ ಅವರಿಗೆ 90 ತುಂಬಿತು. ತಮ್ಮ ನಂತರವೂ ದಲೈ ಲಾಮಾ ಪರಂಪರೆ ಮುಂದುವರಿಯುವುದು, ಉತ್ತರಾಧಿಕಾರಿಯನ್ನು ಗುರುತಿಸುವ ಅಧಿಕಾರ ತಮ್ಮ ಟ್ರಸ್ಟಿನದು ಎಂದು ಅವರು ಸ್ಪಷ್ಟಪಡಿಸಿದರು. ತನ್ನ ಒಪ್ಪಿಗೆ ಬೇಕೆಂದು ಚೀನಾ ಹೇಳಿತು. ದೇವರನ್ನೇ ನಂಬದ ಪಕ್ಷವೊಂದು ಪುನರ್ಜನ್ಮಕ್ಕೆ ಅನುಮತಿ ಕೊಡುವ ಹಕ್ಕು ತನ್ನದೆನ್ನುತ್ತಿರುವುದು ಈ ಕಾಲದ ಸೋಜಿಗ.

ಸಂಜೆಯಾದಂತೆ ಡ್ರೆಪುಂಗ್‌ನ ಅಂಗಳದಲ್ಲಿ ಕಿರಿಯ ಭಿಕ್ಷುಗಳ ವಾದ ಶುರುವಾಗುತ್ತದೆ. ಒಬ್ಬ ನಿಂತು ಪ್ರಶ್ನೆ ಕೇಳಿ ಚಪ್ಪಾಳೆ ತಟ್ಟುತ್ತಾನೆ, ಕೂತವನು ಉತ್ತರಿಸಬೇಕು. ಗುರು ಹೇಳಿದ್ದನ್ನೂ ಪ್ರಶ್ನಿಸಬಹುದು, ಗ್ರಂಥ ಹೇಳಿದ್ದನ್ನೂ ಪ್ರಶ್ನಿಸಬಹುದು. ಕುಮಟೆಯಿಂದ ಬಂದ ಪ್ರವಾಸಿಗರಿಗೆ ಅದು ಜಗಳದಂತೆ ಕಂಡು ನಗು ಬರುತ್ತದೆ. ಪ್ರಶ್ನೆ ಕೇಳಿದವನನ್ನು ಯಾರೂ ಹಿಡಿದುಕೊಂಡು ಹೋಗದಂಥ ಒಂದು ಅಂಗಳಕ್ಕಾಗಿಯೇ ಅವರ ಹಿರಿಯರು ಹಿಮಾಲಯ ದಾಟಿದ್ದರು.